ಮೆಫೆಡ್ರೋನ್: ಹೆಸರು ಹಿಡಿದು ಓಡುವ ಕಾನೂನು

ಸಿಂಥೆಟಿಕ್ ಡ್ರಗ್ಸ್ ಪಾಠದಲ್ಲಿ ಹೆಸರುಗಳೇ ತಲೆ ತಿನ್ನುತ್ತವೆ. ಮೆಫೆಡ್ರೋನ್ ಒಂದನ್ನು ಚೆನ್ನಾಗಿ ಓದಿಕೊಳ್ಳಿ, ಉಳಿದವು ಸುಲಭವಾಗುತ್ತವೆ. ಮುಂಬೈ ಕಡೆ 'ಎಂಡಿ' ಅನ್ನುವುದು ಇದಕ್ಕೇ. ಪತ್ರಿಕೆಗಳಲ್ಲಿ ಬರುವ ಎಂಡಿಎಂಎ ಬೇರೆ, ಗೊಂದಲ ಬೇಡ.

ಯೆಮನ್, ಇಥಿಯೋಪಿಯಾಗಳಲ್ಲಿ ಜನ ಖಾತ್ ಗಿಡದ ಎಲೆ ಜಗಿಯುತ್ತಾರೆ. ಅದರಲ್ಲಿರುವ ಉತ್ತೇಜಕ ಕ್ಯಾಥಿನೋನ್. ಮೆಫೆಡ್ರೋನ್ ಅದೇ ಕುಟುಂಬದ ಕೃತಕ ಅಣು. 1929ರಲ್ಲೇ ತಯಾರಾಗಿದ್ದರೂ 2000ದ ನಂತರವೇ ಮಾರುಕಟ್ಟೆ ಸೇರಿತು. ಬ್ರಿಟನ್‌ನಲ್ಲಿ ಇದನ್ನು ಗಿಡದ ಗೊಬ್ಬರವೆಂದು, 'ಮನುಷ್ಯರ ಸೇವನೆಗಲ್ಲ' ಎಂಬ ಚೀಟಿ ಅಂಟಿಸಿ ಮಾರಿದರು. ಆ ಚೀಟಿ ಔಷಧ ಕಾನೂನಿನಿಂದ ನುಣುಚಿಕೊಳ್ಳಲು. ಪರಿಣಾಮವಾಗಿ ಪೊಟ್ಟಣದಲ್ಲಿ ಏನಿದೆ, ಎಷ್ಟಿದೆ ಎಂಬುದು ಕೊಂಡವನಿಗೆ ತಿಳಿಯುತ್ತಿರಲಿಲ್ಲ.

ಇದನ್ನು ಸೇವಿಸಿದರೆ ಮಿದುಳಿನಲ್ಲಿ ಡೋಪಮಿನ್, ಸೆರೊಟೋನಿನ್ ಎಂಬ ರಾಸಾಯನಿಕಗಳು ಒಮ್ಮೆಲೇ ಏರುತ್ತವೆ. ಎದೆಬಡಿತ, ರಕ್ತದೊತ್ತಡ, ಮೈಬಿಸಿ ಹೆಚ್ಚುತ್ತವೆ. ಭ್ರಮೆ, ಫಿಟ್ಸ್ ಕೂಡ ಬರಬಹುದು. ಅಮಲು ಕೆಲವೇ ಗಂಟೆಗಳಲ್ಲಿ ಇಳಿಯುವುದರಿಂದ ಮತ್ತೆ ಮತ್ತೆ ತೆಗೆದುಕೊಳ್ಳುತ್ತಾರೆ, ಹೆಚ್ಚಿನ ಅನಾಹುತ ಅಲ್ಲೇ. ಇದಕ್ಕೆ ಪ್ರತಿವಿಷ ಇಲ್ಲ. ಮೈ ತಣಿಸುವುದು, ಬೆಂಜೊಡಯಾಜೆಪೈನ್ ಎಂಬ ಶಮನಕಾರಿ ಔಷಧ ಕೊಟ್ಟು ಶಾಂತಗೊಳಿಸುವುದು, ಇಷ್ಟೇ ವೈದ್ಯರ ಕೈಯಲ್ಲಿರುವುದು. ಹಾಗಾಗಿ ಜೊತೆಗಿದ್ದವರು ಹೆದರಿ ಮುಚ್ಚಿಡದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು.

ಈಗ ಕಾನೂನು. 2010ರ ಏಪ್ರಿಲ್‌ನಲ್ಲಿ ಬ್ರಿಟನ್ ಮೆಫೆಡ್ರೋನ್ ಜೊತೆಗೆ ಕ್ಯಾಥಿನೋನ್ ಕುಟುಂಬವನ್ನೇ ವ್ಯಾಖ್ಯಾನಿಸಿ ನಿಷೇಧಿಸಿತು. ಆ ವ್ಯಾಖ್ಯಾನಕ್ಕೂ ಸಿಗದ ನ್ಯಾಫಿರೋನ್ ಎಂಬ ಇನ್ನೊಂದು ಡ್ರಗ್ ಬಂತು. ಜುಲೈನಲ್ಲಿ ಅದನ್ನೂ ಸೇರಿಸಬೇಕಾಯಿತು. ಕೊನೆಗೆ ಬ್ರಿಟನ್‌ನ 2016ರ ಕಾಯ್ದೆ ಲೆಕ್ಕವನ್ನೇ ತಿರುಗಿಸಿತು: ಮದ್ಯ, ನಿಕೋಟಿನ್, ಕೆಫೀನ್‌ನಂಥ ವಿನಾಯಿತಿ ಪಡೆದವು ಬಿಟ್ಟು ಅಮಲೇರಿಸುವ ಯಾವುದನ್ನೂ ಮಾರುವಂತಿಲ್ಲ.

ನಮ್ಮ 1985ರ ಎನ್‌ಡಿಪಿಎಸ್ (ಮಾದಕ ವಸ್ತು ನಿಯಂತ್ರಣ) ಕಾಯ್ದೆಯದು ಪಟ್ಟಿಯ ದಾರಿ. 3ನೇ ಸೆಕ್ಷನ್ ಪ್ರಕಾರ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿ ಹೊಸ ವಸ್ತು ಸೇರಿಸುತ್ತದೆ. ಮೆಫೆಡ್ರೋನ್ ಸೇರಿದ್ದು 2015ರ ಫೆಬ್ರುವರಿಯಲ್ಲಿ, ಬ್ರಿಟನ್‌ಗಿಂತ ಸುಮಾರು ಐದು ವರ್ಷ ತಡವಾಗಿ. ಈ ತಡವೇ ನನಗೆ ಚಿಂತೆಯ ವಿಷಯ. ಶಿಕ್ಷೆ ಸಿಕ್ಕ ತೂಕವನ್ನು ಅವಲಂಬಿಸಿದೆ: ಮೆಫೆಡ್ರೋನ್‌ಗೆ 2 ಗ್ರಾಂವರೆಗೆ ಸಣ್ಣ ಪ್ರಮಾಣ, 50 ಗ್ರಾಂ ಮೀರಿದರೆ ವಾಣಿಜ್ಯ ಪ್ರಮಾಣ. ವಾಣಿಜ್ಯ ಪ್ರಮಾಣವಾದರೆ 22ನೇ ಸೆಕ್ಷನ್‌ನಡಿ 10ರಿಂದ 20 ವರ್ಷ ಜೈಲು. ತೂಕ ಹಾಕುವಾಗ ಬೆರಕೆ ಪುಡಿಯೂ ಲೆಕ್ಕಕ್ಕೆ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೀರಾ ಸಿಂಗ್ ಪ್ರಕರಣದಲ್ಲಿ ಹೇಳಿದೆ.

64ಎ ಸೆಕ್ಷನ್ ಬಿಡಬೇಡಿ. ಸೇವನೆ ಅಥವಾ ಸಣ್ಣ ಪ್ರಮಾಣದ ಆರೋಪವಿರುವ ವ್ಯಸನಿ ತಾನಾಗಿ ಮುಂದೆ ಬಂದು ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆ ಪಡೆದರೆ ಅವನ ಮೇಲೆ ಮೊಕದ್ದಮೆ ನಡೆಯುವುದಿಲ್ಲ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು.