ಸಣ್ಣ ಮನೆಗೆ ತೆರಿಗೆ ಇಲ್ಲ, ಸಣ್ಣ ಫ್ಲ್ಯಾಟಿಗೆ ಯಾಕಿದೆ?

ಉಪ್ಪಳ, ಹೊಸಂಗಡಿ, ಕಾಸರಗೋಡು ಪೇಟೆಯ ಸುತ್ತ ಕೆಲಸಕ್ಕೆ ಬಂದವರು ಹುಡುಕುವುದು ಕ್ವಾರ್ಟರ್ಸ್ ಎಂದು ಕರೆಯುವ ಬಾಡಿಗೆ ಮನೆ ಅಥವಾ ಸಣ್ಣ ಫ್ಲ್ಯಾಟ್. ಐದು ಸೆಂಟ್ಸ್ ಜಾಗ ಕೊಂಡು ಮನೆ ಕಟ್ಟುವ ಶಕ್ತಿ ಎಲ್ಲರಿಗೂ ಇಲ್ಲ ಅಲ್ವಾ? ಆದರೆ ಕೇರಳದ ಕಟ್ಟಡ ತೆರಿಗೆ ಬೆಳೆದು ಬಂದದ್ದು ಕಾಂಪೌಂಡಿನೊಳಗಿನ ಒಂಟಿ ಮನೆಯನ್ನು ನೋಡಿಕೊಂಡು.

ನಮ್ಮಲ್ಲಿ ತೆರಿಗೆ ಎರಡು. ಕಂದಾಯ ಇಲಾಖೆಯ ವಿಲ್ಲೇಜ್ ಆಫೀಸಿನ ಮೂಲಕ ಒಂದೇ ಸಲ ಕಟ್ಟುವುದು ಒಂದು. ಪಂಚಾಯತಿಗೋ ನಗರಸಭೆಗೋ ವರ್ಷ ವರ್ಷ ಕಟ್ಟುವುದು ಇನ್ನೊಂದು.

ಮೊದಲನೆಯದು 1975ರ ಕೇರಳ ಕಟ್ಟಡ ತೆರಿಗೆ ಕಾಯ್ದೆಯದ್ದು. 100 ಚದರ ಮೀಟರ್ ಒಳಗಿನ ಮನೆಗೆ ಇದು ಇಲ್ಲ. ಅದರಲ್ಲಿ ಫ್ಲ್ಯಾಟಿನ ಬಗ್ಗೆ ಒಂದು ವಿವರಣೆ ಇದೆ: ಹಲವರು ಸೇರಿ ಖರ್ಚು ಹಾಕಿ ಕಟ್ಟಿದರೆ ಒಬ್ಬೊಬ್ಬರ ಫ್ಲ್ಯಾಟೂ ಬೇರೆ ಬೇರೆ ಕಟ್ಟಡ. ಹನ್ನೆರಡು ಮಂದಿ ಸೇರಿ 90 ಚದರ ಮೀಟರಿನ ಹನ್ನೆರಡು ಫ್ಲ್ಯಾಟ್ ಕಟ್ಟಿಕೊಂಡರೆ ಯಾರಿಗೂ ಈ ತೆರಿಗೆ ಬೀಳುವುದಿಲ್ಲ. ಅದೇ ಕಟ್ಟಡವನ್ನು ಒಬ್ಬರೇ ಬಾಡಿಗೆಗೆಂದು ಕಟ್ಟಿದರೆ 1,080 ಚದರ ಮೀಟರಿನ ಒಂದೇ ಕಟ್ಟಡದ ಲೆಕ್ಕ. ಬಾಡಿಗೆ ಮನೆ ಜಾಸ್ತಿ ಬೇಕಾದ ಊರಿನಲ್ಲಿ, ಅದನ್ನು ಕಟ್ಟುವವರ ಮೇಲೆಯೇ ಹೊರೆ.

ವಾರ್ಷಿಕ ತೆರಿಗೆಯನ್ನು ಹಿಂದೆ ಬಾಡಿಗೆ ಎಷ್ಟು ಬರಬಹುದೆಂಬ ಅಂದಾಜಿನ ಮೇಲೆ ಹಾಕುತ್ತಿದ್ದರು. 2011ರ ನಿಯಮಗಳು ಅದನ್ನು ವಿಸ್ತೀರ್ಣದ ಲೆಕ್ಕಕ್ಕೆ ತಂದವು. 2023ರ ಏಪ್ರಿಲ್‌ನಲ್ಲಿ ದರ ಏರಿತು, ಪ್ರತಿ ವರ್ಷ ಶೇಕಡಾ 5ರ ಹೆಚ್ಚಳವೂ ಬಂತು. ಜೊತೆಗೆ ಒಂದು ಒಳ್ಳೆಯ ಕೆಲಸವೂ ಆಯಿತು. 60 ಚದರ ಮೀಟರ್ ಒಳಗಿನ, ಸ್ವಂತ ವಾಸದ ಮನೆಗೆ ತೆರಿಗೆ ಮಾಫಿ. ಆದರೆ ಕಟ್ಟಿ ಮಾರಿದ ಫ್ಲ್ಯಾಟನ್ನು ಹೊರಗಿಟ್ಟರು. ಬಾಡಿಗೆಯವರು ಇರುವ ಮನೆ ಸ್ವಂತ ವಾಸದ್ದಲ್ಲ, ಹಾಗಾಗಿ ಅದೂ ಹೊರಗೆ. ಅಷ್ಟೇ ಚಿಕ್ಕ ಗೂಡಿನಲ್ಲಿ ಬದುಕುವವರಿಗೆ ಇದು ಅನ್ಯಾಯ ಎಂದೇ ನನ್ನ ಅಭಿಪ್ರಾಯ.

ಅದೇ ವರ್ಷದ ಬಜೆಟ್‌ನಲ್ಲಿ ಬೀಗ ಹಾಕಿದ ಮನೆಗಳಿಗೆ ಹೆಚ್ಚುವರಿ ತೆರಿಗೆಯ ಮಾತು ಬಂದಿತ್ತು. ಗಲ್ಫ್‌ನಲ್ಲಿರುವವರು ವಿರೋಧಿಸಿದರು, ಸರ್ಕಾರ ಹಿಂದೆ ಸರಿಯಿತು.

ಅಮೆರಿಕದ ನಗರಗಳು ಬೇರೆ ದಾರಿ ಹಿಡಿದವು. ನ್ಯೂಯಾರ್ಕ್ 1971ರಿಂದ ಹೊಸ ಅಪಾರ್ಟ್‌ಮೆಂಟುಗಳಿಗೆ ತೆರಿಗೆ ಬಿಟ್ಟಿತು. ಶ್ರೀಮಂತರ ಕಟ್ಟಡಗಳಿಗೂ ಲಾಭ ಹೋಗುತ್ತದೆಂಬ ಟೀಕೆಯ ನಡುವೆ ಆ ಯೋಜನೆಯ ಅವಧಿ 2022ರಲ್ಲಿ ಮುಗಿಯಿತು. 2024ರಲ್ಲಿ ಅದರ ಜಾಗಕ್ಕೆ ಹೊಸದು ಬಂತು. ಸಿಯಾಟಲ್ 1998ರಲ್ಲಿ ಶುರು ಮಾಡಿದ ಯೋಜನೆ ನನಗೆ ಹೆಚ್ಚು ಹಿಡಿಸುತ್ತದೆ. ಅಲ್ಲಿ ಒಂದು ಪಾಲು ಮನೆಗಳನ್ನು ಕಡಿಮೆ ಬಾಡಿಗೆಗೆ ಕೊಟ್ಟರೆ 12 ವರ್ಷ ವಿನಾಯಿತಿ. ಅದೂ ಕಟ್ಟಡದ ವಾಸದ ಭಾಗಕ್ಕೆ ಮಾತ್ರ, ಜಾಗದ ತೆರಿಗೆ ಕಟ್ಟಲೇಬೇಕು.

ಅದನ್ನು ಸುಮ್ನೆ ಇಲ್ಲಿಗೆ ತಂದು ಹಾಕಿದರೆ ಆಗದು. ಸಣ್ಣ ಫ್ಲ್ಯಾಟಿನ ವಾರ್ಷಿಕ ತೆರಿಗೆ ನಮ್ಮ ಪಂಚಾಯತುಗಳಲ್ಲಿ ಕೆಲವು ನೂರು ರೂಪಾಯಿ. ಅಷ್ಟನ್ನು ಬಿಟ್ಟ ಮಾತ್ರಕ್ಕೆ ಯಾರೂ ಕಟ್ಟಡ ಕಟ್ಟುವುದಿಲ್ಲ. ಕಟ್ಟುವವರ ಕೈ ಸುಡುವುದು ಆರಂಭದ ಖರ್ಚು: ಒಂದೇ ಸಲದ ತೆರಿಗೆ, ಪರ್ಮಿಟ್ ಶುಲ್ಕ. 2023ರಲ್ಲಿ ವಿಪರೀತ ಏರಿಸಿದ ಪರ್ಮಿಟ್ ಶುಲ್ಕವನ್ನು 2024ರ ಆಗಸ್ಟ್‌ನಿಂದ ಶೇಕಡಾ 60ರವರೆಗೆ ಇಳಿಸಬೇಕಾಯಿತು.

ಹಾಗಾಗಿ ಬದಲಾವಣೆ 1975ರ ಆ ವಿವರಣೆಯಿಂದಲೇ ಶುರುವಾಗಲಿ. ಕಡಿಮೆ ಬಾಡಿಗೆಯ ಷರತ್ತು ಒಪ್ಪಿದವರ ಪ್ರತಿ ಫ್ಲ್ಯಾಟನ್ನೂ ಬೇರೆ ಮನೆಯೆಂದು ಎಣಿಸಲಿ. 60 ಚದರ ಮೀಟರಿನ ವಿನಾಯಿತಿ ಅಲ್ಲಿಗೂ ಸಿಗಲಿ. ಇದು ಮಂಗಲ್ಪಾಡಿ ಅಥವಾ ಮಂಜೇಶ್ವರ ಪಂಚಾಯತು ಒಂದೇ ಮಾಡುವ ಕೆಲಸವಲ್ಲ. ಕಾಯ್ದೆ ತಿರುವನಂತಪುರದಲ್ಲಿ ತಿದ್ದಬೇಕು, ಪಂಚಾಯತಿಗೆ ತಪ್ಪುವ ಹಣವನ್ನು ರಾಜ್ಯವೇ ತುಂಬಿಕೊಡಬೇಕು.