ರಿಂಗಿನ ನಟನೆಗೆ ಅಂಕ ಹಾಕುವವರು ಯಾರು?

ಟಿವಿಯಲ್ಲಿ ಅಮೆರಿಕದ ವೃತ್ತಿಪರ ಕುಸ್ತಿ ಹಾಕಿದರೆ "ಡಬ್ಲ್ಯುಡಬ್ಲ್ಯುಇ ಎಲ್ಲಾ ಬರೀ ನಾಟಕ ಕಣೋ" ಅನ್ನುವವರು ಮನೆಗೊಬ್ಬರಾದರೂ ಇರುತ್ತಾರೆ. ಸರಿ, ನಾಟಕವೇ. ಹಾಗಾದರೆ ಮುಂದಿನ ಪ್ರಶ್ನೆ ಕೇಳಬೇಕಲ್ವಾ? ನಾಟಕ ಹೇಗಿತ್ತು? ಯಾರು ಪಾತ್ರ ಚೆನ್ನಾಗಿ ಮಾಡಿದರು, ಯಾರು ಕೆಡಿಸಿದರು? ಇದನ್ನು ಕೇಳುವವರು ಮಾತ್ರ ಕಡಿಮೆ. ಸಿನಿಮಾ ನಟನೆಗೆ ವಿಮರ್ಶಕರಿದ್ದಾರೆ, ಪ್ರಶಸ್ತಿಗಳಿವೆ, ಜಗಳವಾಡುವ ಅಭಿಮಾನಿಗಳಿದ್ದಾರೆ. ವರ್ಷಪೂರ್ತಿ ವಾರವಾರವೂ ಸಾವಿರಾರು ಜನರ ಎದುರು, ರೀಟೇಕ್ ಇಲ್ಲದೆ, ಮೈಗೆ ಏಟು ಬೀಳುತ್ತಿರುವಾಗಲೇ ಪಾತ್ರ ಬಿಡದೆ ನಿಲ್ಲುವ ಈ ಮಂದಿಯ ನಟನೆಯನ್ನು ಅಳೆಯೋಕೆ ಎಲ್ಲರೂ ಒಪ್ಪುವ ಅಳತೆಗೋಲು ಇವತ್ತಿಗೂ ಇಲ್ಲ. ಅದಕ್ಕೆ ಕಾರಣ ಈ ಕಸುಬಿನ ಚರಿತ್ರೆಯಲ್ಲೇ ಇದೆ. ಎಷ್ಟೋ ದಶಕಗಳ ಕಾಲ ಇವರು, ತಾವು ನಟಿಸುತ್ತಿಲ್ಲ ಅಂತಲೇ ನಟಿಸುತ್ತಿದ್ದರು.

ಅಮೆರಿಕದ ವೃತ್ತಿಪರ ಕುಸ್ತಿಯ ಬೇರು 19ನೇ ಶತಮಾನದ ಕಾರ್ನಿವಲ್‌ಗಳಲ್ಲಿದೆ. ಅಲ್ಲಿ ಬಾಜಿ ದುಡ್ಡಿತ್ತು, ಊರಿನ ಗಟ್ಟಿಗರನ್ನು ಕೆಣಕಿ ಕರೆಯುವ ಪೈಲ್ವಾನರಿದ್ದರು, ಮೊದಲೇ ಮಾತಾಡಿಕೊಂಡ ಪಂದ್ಯಗಳೂ ಇದ್ದವು. 1920ರ ದಶಕದಲ್ಲಿ ಎಡ್ 'ಸ್ಟ್ರಾಂಗ್ಲರ್' ಲೂಯಿಸ್, ಟೂಟ್ಸ್ ಮಾಂಟ್, ಬಿಲ್ಲಿ ಸ್ಯಾಂಡೋ ಎಂಬ ಮೂವರು ಸೇರಿ ಇದನ್ನು ಪಕ್ಕಾ ಪ್ರದರ್ಶನ ಮಾಡಿದರು. ಅಸಲಿ ಕುಸ್ತಿಯಲ್ಲಿ ಇಬ್ಬರು ಗಂಟೆಗಟ್ಟಲೆ ನೆಲ ಕಚ್ಚಿ ಬಿದ್ದಿರುತ್ತಿದ್ದರು, ನೋಡುವವರಿಗೆ ಆಕಳಿಕೆ. ಇವರು ವೇಗ ತಂದರು, ಗುದ್ದು ತಂದರು, ಎತ್ತಿ ಒಗೆಯುವುದನ್ನು ತಂದರು. ಒಳಗಿನ ಗುಟ್ಟು ಮಾತ್ರ ಹೊರಗೆ ಬರುವಂತಿರಲಿಲ್ಲ. ಆ ಗುಟ್ಟು ಕಾಯುವುದಕ್ಕೆ ಕಸುಬಿನವರು ಕೇಫೇಬ್ ಅನ್ನುತ್ತಾರೆ.

ಪಾತ್ರ ಅನ್ನೋದು ನಿಜವಾಗಿ ಶುರುವಾದದ್ದು ಟಿವಿ ಬಂದ ಮೇಲೆ. ಜಾರ್ಜ್ ವ್ಯಾಗ್ನರ್ ಅಂತ ಒಬ್ಬ ಸಾಧಾರಣ ಕುಸ್ತಿಪಟು. ದೊಡ್ಡ ದೇಹವಲ್ಲ. 1940ರ ದಶಕದಲ್ಲಿ ಕೂದಲಿಗೆ ಹೊಂಬಣ್ಣ ಹಚ್ಚಿ, ಗುಂಗುರು ಮಾಡಿಸಿ, ಮಿನುಗುವ ನಿಲುವಂಗಿ ತೊಟ್ಟು, 'ಗಾರ್ಜಿಯಸ್ ಜಾರ್ಜ್' ಆಗಿ ರಿಂಗಿಗೆ ಬರತೊಡಗಿದ. ಹಿನ್ನೆಲೆಯಲ್ಲಿ ಗಂಭೀರ ಸಂಗೀತ. ಮುಂದೆ ಒಬ್ಬ ಸೇವಕ, ಧಣಿ ಕಾಲಿಡುವ ಮೊದಲು ರಿಂಗಿಗೆಲ್ಲ ಸುಗಂಧ ಸಿಂಪಡಿಸುವವನು. ರೆಫರಿ ಮೈ ಮುಟ್ಟಿ ಪರೀಕ್ಷೆ ಮಾಡಲು ಬಂದರೆ "ನಿನ್ನ ಕೊಳಕು ಕೈ ತೆಗಿ" ಅನ್ನುವ ಧಾಟಿ. ಜನ ಉರಿದು ಬಿದ್ದರು. ಇವನು ಸೋಲೋದನ್ನು ನೋಡಬೇಕು ಅಂತಲೇ ದುಡ್ಡು ಕೊಟ್ಟು ಬಂದರು, ಟಿವಿ ಎದುರು ಕೂತರು. 1961ರಲ್ಲಿ ಲಾಸ್ ವೇಗಸ್‌ನಲ್ಲಿ ಇವನನ್ನು ಕಂಡ ಯುವ ಬಾಕ್ಸರ್ ಒಬ್ಬ, ಜಂಬದ ಮಾತಿನಿಂದ ಸಭಾಂಗಣ ತುಂಬಿಸುವ ವಿದ್ಯೆ ಕಲಿತದ್ದು ಇಲ್ಲೇ ಅಂತ ಮುಂದೆ ತಾನೇ ಹೇಳಿಕೊಂಡ. ಆ ಬಾಕ್ಸರ್ ಮುಹಮ್ಮದ್ ಅಲಿ.

ಇಲ್ಲಿಂದಲೇ ಮೊದಲ ಅಳತೆ ಹುಟ್ಟಿತು, ಅದು ಗಲ್ಲಾಪೆಟ್ಟಿಗೆಯ ಅಳತೆ. ಖಳನನ್ನು ಜನ ಎಷ್ಟು ದ್ವೇಷಿಸಿದರು? ಈ ದ್ವೇಷಕ್ಕೆ ಕಸುಬಿನಲ್ಲಿ ಹೀಟ್ ಅನ್ನುತ್ತಾರೆ, ಖಳನಿಗೆ ಹೀಲ್, ನಾಯಕನಿಗೆ ಫೇಸ್. ಹೀಟ್ ಜಾಸ್ತಿ ಇದ್ದರೆ ನಟ ಒಳ್ಳೆಯವನು. ಲೆಕ್ಕ ಸರಳ, ಆದರೆ ಅದರ ಜೊತೆಗೇ ಒಂದು ಕೊಳಕೂ ಬಂತು: ಸುಲಭದಲ್ಲಿ ದ್ವೇಷ ಗಿಟ್ಟಿಸಲು ಪರದೇಶದವನ ವೇಷ ಹಾಕುವುದು. ಸಿರಿಯಾದ ಹುಚ್ಚ ಶೇಖ್ ಅಂತ ಜನರನ್ನು ನಡುಗಿಸಿದ 'ದಿ ಶೇಖ್' ಹುಟ್ಟಿದ್ದು ಅಮೆರಿಕದ ಮಿಚಿಗನ್‌ನಲ್ಲಿ. ರಷ್ಯಾದ ದೈತ್ಯ ನಿಕಿತಾ ಕೊಲೋಫ್ ಮಿನೆಸೋಟದ ಹುಡುಗ. ಪುಣ್ಯಾತ್ಮ ಪಾತ್ರದೊಳಗೆ ಎಷ್ಟು ಇಳಿದನೆಂದರೆ ಕೊನೆಗೆ ಕಾನೂನು ಪ್ರಕಾರವೇ ತನ್ನ ಹೆಸರನ್ನು ನಿಕಿತಾ ಕೊಲೋಫ್ ಅಂತ ಬದಲಿಸಿಕೊಂಡ. ಜಪಾನಿನ ಸುಮೋ ವೀರನಾಗಿ ಮೆರೆದ ಯೊಕೊಜುನಾ ಸಮೋವಾ ಮೂಲದವನು. ಪಾತ್ರ ನಿಭಾಯಿಸಿದ ಶ್ರದ್ಧೆಗೆ ಅಂಕ ಕೊಡಬಹುದು. ಬರವಣಿಗೆಗೆ ಸೊನ್ನೆ.

ಪಾತ್ರ ರಿಂಗಿನ ಹೊರಗೂ ನಡೆಯಬೇಕಿತ್ತು. ಹೀಲ್ ಮತ್ತು ಫೇಸ್ ಒಟ್ಟಿಗೆ ಊಟ ಮಾಡುವಂತಿಲ್ಲ, ಒಂದೇ ಗಾಡಿಯಲ್ಲಿ ಹೋಗುವಂತಿಲ್ಲ. 1984ರ ಡಿಸೆಂಬರ್‌ನಲ್ಲಿ ಜಾನ್ ಸ್ಟೋಸೆಲ್ ಎಂಬ ಟಿವಿ ವರದಿಗಾರ "ಇದೆಲ್ಲ ಸುಳ್ಳು ಅಂತ ನನಗನ್ನಿಸುತ್ತೆ" ಅಂದದ್ದಕ್ಕೆ ಕುಸ್ತಿಪಟು ಡೇವಿಡ್ ಶುಲ್ಟ್ಜ್ ಕ್ಯಾಮೆರಾ ಎದುರೇ ಎರಡು ಬಾರಿಸಿದ. 1987ರ ಮೇನಲ್ಲಿ ಇನ್ನೂ ತಮಾಷೆ ಆಯಿತು. ಅಮೆರಿಕವನ್ನು ಬೈಯುವ ಐರನ್ ಶೇಖ್ (ಮೇಲೆ ಹೇಳಿದ ಶೇಖ್ ಅಲ್ಲ, ಇವನು ಬೇರೆ), ಅಮೆರಿಕದ ಬಾವುಟ ಹಿಡಿದು ಬರುವ 'ಹ್ಯಾಕ್ಸಾ' ಜಿಮ್ ಡಗನ್, ಇಬ್ಬರೂ ನ್ಯೂಜೆರ್ಸಿಯಲ್ಲಿ ಒಂದೇ ಕಾರಿನಲ್ಲಿ ಪೊಲೀಸರ ಕೈಗೆ ಸಿಕ್ಕಿಬಿದ್ದರು. ಪೊಲೀಸ್ ಕೇಸು ಒಂದು ಕಡೆ ಇರಲಿ, ಬದ್ಧವೈರಿಗಳು ಒಟ್ಟಿಗೆ ಸುತ್ತಾಡುತ್ತಿದ್ದರು ಅನ್ನೋ ಸುದ್ದಿಯೇ ಡಬ್ಲ್ಯುಡಬ್ಲ್ಯುಎಫ್ (ಇವತ್ತಿನ ಡಬ್ಲ್ಯುಡಬ್ಲ್ಯುಇ) ಕಂಪನಿಗೆ ದೊಡ್ಡ ಅವಮಾನ. ಇಬ್ಬರ ಕೆಲಸವೂ ಹೋಯಿತು.

ಈ ಗುಟ್ಟಿನ ಕಾಲದ ಅತಿ ಒಳ್ಳೆಯ ನಟನೆ ಯಾವುದು ಅಂತ ಕೇಳಿದರೆ ನಾನು ಹೊರಗಿನವನೊಬ್ಬನ ಹೆಸರು ಹೇಳುತ್ತೇನೆ: ಹಾಸ್ಯನಟ ಆಂಡಿ ಕಾಫ್‌ಮನ್. 1982ರಲ್ಲಿ ಮೆಂಫಿಸ್‌ಗೆ ಹೋಗಿ, ಅಲ್ಲಿನ ಜನರಿಗೆ ಸೋಪು ಹಚ್ಚಿಕೊಳ್ಳೋದು ಹೇಗೆ ಅಂತ ಟಿವಿಯಲ್ಲಿ ಪಾಠ ಹೇಳಿ, ಊರಿನ ಹೀರೋ ಜೆರ್ರಿ ಲಾಲರ್ ಕೈಯಲ್ಲಿ ಪೆಟ್ಟು ತಿಂದು, ಕತ್ತಿಗೆ ಪಟ್ಟಿ ಸುತ್ತಿಕೊಂಡು ತಿರುಗಿದ. ಜುಲೈನಲ್ಲಿ ಡೇವಿಡ್ ಲೆಟರ್‌ಮನ್ ಟಿವಿ ಕಾರ್ಯಕ್ರಮದಲ್ಲಿ ಲಾಲರ್ ಇವನ ಕೆನ್ನೆಗೆ ಹೊಡೆದ, ಇವನು ಬೈದು ಕಾಫಿ ಎರಚಿದ. ಕಾಫ್‌ಮನ್ 1984ರಲ್ಲಿ ತೀರಿಕೊಂಡ. ಇಬ್ಬರೂ ಮಾತಾಡಿಕೊಂಡೇ ಇದನ್ನೆಲ್ಲ ಮಾಡಿದ್ದರು ಅನ್ನೋದು ಹೊರಬರಲು ಇನ್ನೂ ಸುಮಾರು ಹತ್ತು ವರ್ಷ ಬೇಕಾಯಿತು. ಇದಕ್ಕೆ ಯಾವ ಪ್ರಶಸ್ತಿ ಕೊಡುತ್ತೀರಿ? ನಟನೆ ಅಂತ ಗೊತ್ತಾದ ಕ್ಷಣಕ್ಕೇ ಕೆಟ್ಟುಹೋಗುವ ನಟನೆ ಇದು.

ಕೊನೆಗೆ ಬಾಯಿ ಬಿಟ್ಟಿದ್ದು ದುಡ್ಡಿನ ಕಾರಣಕ್ಕೆ. 1989ರಲ್ಲಿ ನ್ಯೂಜೆರ್ಸಿ ರಾಜ್ಯದ ಸೆನೆಟ್ ಮುಂದೆ ಡಬ್ಲ್ಯುಡಬ್ಲ್ಯುಎಫ್ ಕಂಪನಿಯೇ, ಇದು ಅಸಲಿ ಸ್ಪರ್ಧೆಯಲ್ಲ, ಮನರಂಜನೆ ಅಂತ ಒಪ್ಪಿಕೊಂಡಿತು. ಕ್ರೀಡೆ ಅಂತಾದರೆ ಕ್ರೀಡಾ ಆಯೋಗದ ನಿಯಮ, ಶುಲ್ಕ, ತೆರಿಗೆ ಎಲ್ಲ ಅಂಟಿಕೊಳ್ಳುತ್ತಿತ್ತು. ಹೀಗೆ, ಇದು ನಟನೆ ಅಂತ ಅಧಿಕೃತವಾಗಿ ದಾಖಲಾದದ್ದು ಒಂದು ತೆರಿಗೆ ಲೆಕ್ಕದಿಂದ!

ಅಷ್ಟರಲ್ಲಿ ಒಳಗಿನ ವಿಷಯ ಬಲ್ಲ ಅಭಿಮಾನಿಗಳು ತಮ್ಮದೇ ಅಂಕಪಟ್ಟಿ ಮಾಡಿಕೊಂಡಿದ್ದರು. ಕುಸ್ತಿ ಪತ್ರಕರ್ತ ಡೇವ್ ಮೆಲ್ಟ್ಜರ್ ತನ್ನ ಸುದ್ದಿಪತ್ರಿಕೆಯಲ್ಲಿ ಪಂದ್ಯಗಳಿಗೆ ನಕ್ಷತ್ರ ಕೊಡುತ್ತಿದ್ದ. ಐದು ನಕ್ಷತ್ರ ಅಂದರೆ ಅತ್ಯುತ್ತಮ. (2018ರಲ್ಲಿ ಒಸಾಕಾದ ಒಕಾಡ-ಒಮೆಗಾ ಪಂದ್ಯಕ್ಕೆ ಏಳು ಕೊಟ್ಟ. ಐದಕ್ಕೆ ಏಳು, ನಮ್ಮ ಮೇಷ್ಟ್ರುಗಳೂ ಇಷ್ಟು ಉದಾರಿಗಳಲ್ಲ.) ಈ ನಕ್ಷತ್ರಗಳ ಎಡವಟ್ಟು ಗೊತ್ತಾಗಬೇಕಾದರೆ 1987ರ ಮಾರ್ಚ್ 29ರ ಮೂರನೇ ರೆಸಲ್‌ಮೇನಿಯಾ, ಅಂದರೆ ಕಂಪನಿಯ ವರ್ಷದ ದೊಡ್ಡ ಪ್ರದರ್ಶನ, ನೋಡಬೇಕು. ಅವತ್ತು ಹಲ್ಕ್ ಹೋಗನ್ ಎದುರು ಆಂಡ್ರೆ ದಿ ಜೈಂಟ್. ಕಂಪನಿ ಹೇಳಿಕೊಂಡ ಲೆಕ್ಕದಲ್ಲಿ 93,173 ಜನ ಸೇರಿದ್ದರು, ಆ ಲೆಕ್ಕಕ್ಕೂ ತಕರಾರಿದೆ ಬಿಡಿ. ಮೆಲ್ಟ್ಜರ್ ಕೊಟ್ಟದ್ದು ಮೈನಸ್ ನಾಲ್ಕು ನಕ್ಷತ್ರ! ಕುಸ್ತಿಯಾಗಿ ನೋಡಿದರೆ ಅವನದು ತಪ್ಪೇನಲ್ಲ. ಆಂಡ್ರೆಯ ಬೆನ್ನು ಹೋಗಿತ್ತು, ಅವನಿಗೆ ನಡೆಯೋದೇ ಕಷ್ಟವಾಗಿತ್ತು. ಆದರೆ ವರ್ಷಗಟ್ಟಲೆ ಜನ ಮುದ್ದು ಮಾಡಿದ್ದ ಆ ದೈತ್ಯ, ಗೆಳೆಯನ ಅಂಗಿ ಹರಿದು, ಕತ್ತಿನ ಶಿಲುಬೆ ಕಿತ್ತು, ಆಮೇಲೆ ಅವತ್ತು ಮುಖದಲ್ಲಿ ಒಂದಿಷ್ಟೂ ಕರುಣೆ ತೋರಿಸದೆ ನಿಂತನಲ್ಲ, ಆ ನಿಲುವಿಗೆ ಅಂಕ ಹಾಕುವ ಖಾನೆಯೇ ಆ ಪಟ್ಟಿಯಲ್ಲಿ ಇರಲಿಲ್ಲ. ಇವತ್ತಿಗೂ ಜನಕ್ಕೆ ನೆನಪಿರುವುದು ಅವರಿಬ್ಬರು ಎದುರುಬದುರು ನಿಂತು ದಿಟ್ಟಿಸಿದ್ದು.

ನನ್ನ ಮಟ್ಟಿಗೆ ರಿಂಗ್ ನಟನೆಯ ಶಿಖರ ಅಂದರೆ 1991ರ ಏಳನೇ ರೆಸಲ್‌ಮೇನಿಯಾ. ರಾಂಡಿ ಸ್ಯಾವೇಜ್, ಅಲ್ಟಿಮೇಟ್ ವಾರಿಯರ್ ಎದುರು. ಸೋತವನು ಕುಸ್ತಿ ಬಿಡಬೇಕು ಅನ್ನೋದು ಷರತ್ತು. ಸ್ಯಾವೇಜ್ ಜೊತೆ ಮೊದಲೆಲ್ಲ ಮಿಸ್ ಎಲಿಜಬೆತ್ ಬರುತ್ತಿದ್ದಳು. ಅವಳು ಮಾತಾಡಿದ್ದೇ ಅಪರೂಪ. ಅವಳ ಕೆಲಸವೆಲ್ಲ ಕಣ್ಣು ಮತ್ತು ಕೈಬೆರಳುಗಳದ್ದು: ಗಾಬರಿ, ಹೆಮ್ಮೆ, ನೋವು. ಅವನು ಸಿಡುಕುತ್ತಿದ್ದ, ಅವಳು ಸಹಿಸುತ್ತಿದ್ದಳು, ರಿಂಗಿಗೆ ಅವನು ಹತ್ತಲೆಂದು ಹಗ್ಗ ಎತ್ತಿ ಹಿಡಿಯುತ್ತಿದ್ದಳು. ಕತೆಯಲ್ಲಿ ಇಬ್ಬರೂ ಬೇರೆಯಾಗಿ ಬಹಳ ದಿನವಾಗಿತ್ತು. ಅವತ್ತು ಸ್ಯಾವೇಜ್ ಸೋತ. ಅವನ ಜೊತೆಗಿದ್ದ ಶೆರ್ರಿ, ಬಿದ್ದವನನ್ನೇ ಒದೆಯತೊಡಗಿದಳು. ಪ್ರೇಕ್ಷಕರ ನಡುವೆ ಕೂತಿದ್ದ ಎಲಿಜಬೆತ್ ಓಡಿಬಂದು ಶೆರ್ರಿಯನ್ನು ಹೊರಗೆ ಎಸೆದಳು. ಸ್ಯಾವೇಜ್ ಎದ್ದ, ಯಾರಿದು ಅಂತ ಅರ್ಥವಾಗದೆ ನೋಡಿದ, ಅರ್ಥವಾಯಿತು, ಅಪ್ಪಿಕೊಂಡರು. ಆಮೇಲೆ ಅವಳು ಅಭ್ಯಾಸಬಲದಿಂದ ಹಗ್ಗ ಎತ್ತಲು ಹೋದಾಗ ಅವನು ಬೇಡವೆಂದು ತಡೆದು, ತಾನೇ ಹಗ್ಗ ಹಿಡಿದು ಅವಳಿಗೆ ದಾರಿ ಬಿಟ್ಟ. ಒಂದು ಮಾತಿಲ್ಲ. ಗ್ಯಾಲರಿಯಲ್ಲಿ ಜನ ಅಳುವುದನ್ನು ಕ್ಯಾಮೆರಾ ತೋರಿಸಿತು. ವರ್ಷಗಟ್ಟಲೆ ಒಂದು ಸಣ್ಣ ಚಲನೆಯನ್ನು ಸುಮ್ನೆ ಮಾಡುತ್ತಾ ಬಂದು, ಒಂದು ದಿನ ಅದನ್ನು ತಿರುಗಿಸಿ ತೋರಿಸುವುದು ಎರಡೂವರೆ ಗಂಟೆಯ ಸಿನಿಮಾಕ್ಕೆ ಸಾಧ್ಯವೇ ಇಲ್ಲ.

ಹಾಗಾಗಿ ಸಿನಿಮಾದ 'ಸಹಜ ನಟನೆ' ಇಲ್ಲಿ ಅಷ್ಟಾಗಿ ಕೆಲಸಕ್ಕೆ ಬರುವುದಿಲ್ಲ. ಅಂಡರ್‌ಟೇಕರ್ ನೋಡಿ. 1990ರ ನವೆಂಬರ್‌ನಿಂದ 2020ರ ನವೆಂಬರ್‌ವರೆಗೆ, ನಡುವೆ ಬೈಕು ಓಡಿಸುವವನಾಗಿ ಬದಲಾದ ಕೆಲವು ವರ್ಷ ಬಿಟ್ಟರೆ, ಸತ್ತವರ ಲೋಕದವನಾಗಿಯೇ ಇದ್ದ. ಅವನ ನಡಿಗೆಯನ್ನು ಯಕ್ಷಗಾನದ ಬಣ್ಣದ ವೇಷ ನೋಡುವ ಕಣ್ಣಿನಿಂದ ನೋಡಬೇಕು. ಅಲ್ಲಿ ವೇಷ ರಂಗಕ್ಕೆ ಬರುವ ಗತ್ತಿಗೇ ಅರ್ಧ ಅಂಕ, ರಾಕ್ಷಸ ನಮ್ಮ ಪಕ್ಕದ ಮನೆಯವನ ಹಾಗೆ ಮಾತಾಡಲಿ ಅಂತ ಯಾರೂ ಬಯಸುವುದಿಲ್ಲ. 90ರ ದಶಕದಲ್ಲಿ ಟ್ರಂಪ್ ಕಾರ್ಡ್ ಆಡುತ್ತಾ ಬೆಳೆದ ನಮ್ಮ ಹುಡುಗರಿಗಂತೂ ಅವನು ಏಳು ಸಲ ಸತ್ತು ಬದುಕಿದವನು, ಅದನ್ನು ಪ್ರಶ್ನಿಸಿದರೆ ಜಗಳವೇ. 1996ರ ಒಂದು ಹಿಂದಿ ಸಿನಿಮಾದಲ್ಲಿ ಅಕ್ಷಯ್ ಕುಮಾರ್ ಜೊತೆ ಹೊಡೆದಾಡಿದ ಅಂಡರ್‌ಟೇಕರ್ ಮಾತ್ರ ಅಸಲಿಯಲ್ಲ, ಬ್ರಯಾನ್ ಲೀ ಅನ್ನುವವನು. ಇದೇ ಲೀ 1994ರಲ್ಲಿ ರಿಂಗಿನಲ್ಲೂ ನಕಲಿ ಅಂಡರ್‌ಟೇಕರ್ ಆಗಿದ್ದ. ಟೋಪಿ, ಕೋಟು ಎಲ್ಲ ಸರಿಯಾಗಿತ್ತು. ಆದರೂ ಜನ ಅವನನ್ನು ಒಪ್ಪಲಿಲ್ಲ.

ಪಾತ್ರ ಕೂರದಿದ್ದರೆ ಏನಾಗುತ್ತೆ ಅನ್ನೋದಕ್ಕೆ ರಾಕ್ ಇದ್ದಾನೆ. 1996ರಲ್ಲಿ ನಗುಮುಖದ ಒಳ್ಳೆ ಹುಡುಗ ರಾಕಿ ಮೈವಿಯಾ ಆಗಿ ಬಂದಾಗ ಜನ "ಸಾಯೋ ರಾಕಿ" ಅಂತ ಕೂಗಿದರು. ಮರುವರ್ಷ ಅದೇ ಮನುಷ್ಯ ಹೀಲ್ ಆಗಿ, ಹುಬ್ಬು ಏರಿಸಿ, ಅದೇ ಜನರನ್ನು ಬೈಯತೊಡಗಿದ ಮೇಲೆ ಅವನ ಮಾತು ಕೇಳಲೆಂದೇ ಸ್ಟೇಡಿಯಂ ತುಂಬಿತು. 'ರಿಂಗ್‌ಮಾಸ್ಟರ್' ಅನ್ನೋ ಸಪ್ಪೆ ಪಾತ್ರದಲ್ಲಿ ಒದ್ದಾಡುತ್ತಿದ್ದ ಸ್ಟೀವ್ ಆಸ್ಟಿನ್ ಕತೆಯೂ ಇದೇ. ಆಗೆಲ್ಲ ಪ್ರೋಮೋಗೆ, ಅಂದರೆ ಮೈಕ್ ಹಿಡಿದು ಆಡುವ ಮಾತಿಗೆ, ನಾಲ್ಕು ಅಂಶ ಹೇಳಿ ಬಿಡುತ್ತಿದ್ದರು, ಉಳಿದದ್ದು ಅವರವರ ಬಾಯಿ. 2000ದ ನಂತರ ಬರಹಗಾರರ ತಂಡ ಬಂತು, ಪದಪದವೂ ಬರೆದು ಕೊಟ್ಟರು, ಎಷ್ಟೋ ಜನ ಪಾಠ ಒಪ್ಪಿಸುವ ಹುಡುಗರಾದರು. 2011ರ ಜೂನ್‌ನಲ್ಲಿ ಸಿಎಂ ಪಂಕ್ ಎಂಬ ಕುಸ್ತಿಪಟು ವೇದಿಕೆಯಲ್ಲಿ ಕಾಲು ಮಡಚಿ ಕೂತು ಕಂಪನಿಯನ್ನೇ ಝಾಡಿಸಿದಾಗ ಅಷ್ಟು ಗದ್ದಲವಾದದ್ದು, ಬಹಳ ದಿನದ ನಂತರ ಮನುಷ್ಯನ ಮಾತು ಕೇಳಿಸಿತು ಅಂತ.

2017ರಲ್ಲಿ ಚಾಂಪಿಯನ್ ಆದ ಜಿಂದರ್ ಮಹಲ್ ಬಗ್ಗೆ ನಮ್ಮವರು ಜಾಸ್ತಿ ಮಾತಾಡುವುದಿಲ್ಲ. ಕೆನಡಾದಲ್ಲಿ ಹುಟ್ಟಿದ ಪಂಜಾಬಿ ಮೂಲದವನಿಗೆ 'ಮಹಾರಾಜ' ಅಂತ ಪೇಟ ಸುತ್ತಿ, ಅಮೆರಿಕದ ಜನರನ್ನು ಪಂಜಾಬಿಯಲ್ಲಿ ಬೈಯಲು ಬಿಟ್ಟರು. ಅಲ್ಲಿ ಹೀಲ್, ಇಲ್ಲಿ ಮಾರುಕಟ್ಟೆಗೆ ಹೀರೋ. ಎರಡು ದೋಣಿಯಲ್ಲಿ ಕಾಲಿಟ್ಟ ಪಾತ್ರವನ್ನು ಯಾವ ನಟ ತಾನೇ ಉಳಿಸುತ್ತಾನೆ? ಡಿಸೆಂಬರ್‌ನಲ್ಲಿ ದೆಹಲಿಯಲ್ಲೇ ಟ್ರಿಪಲ್ ಎಚ್ ಕೈಲಿ ಸೋಲಿಸಿದರು.

ಈಚಿನ ವರ್ಷಗಳಲ್ಲಿ ಕ್ಯಾಮೆರಾ ನಟನೆಗೆ ಬೆಲೆ ತಂದದ್ದು ಕೊರೊನಾ. 2020ರ ಆಗಸ್ಟ್‌ನಲ್ಲಿ ರೋಮನ್ ರೇನ್ಸ್ ಖಳನಾಗಿ ಬಂದಾಗ ಕೂಗಲು ಸ್ಟೇಡಿಯಂನಲ್ಲಿ ಜನರೇ ಇರಲಿಲ್ಲ. ಹಾಗಾಗಿ ಅವನು ದನಿ ತಗ್ಗಿಸಿದ, ನಿಧಾನವಾದ, ವರಸೆಯಲ್ಲಿ ತಮ್ಮಂದಿರಾಗುವವರ ಕಡೆ ಸುಮ್ನೆ ನೋಡಿ ಅವರನ್ನು ಬೆವರಿಸಿದ. ಅದಕ್ಕೂ ಮುಂಚೆ ವರ್ಷಗಟ್ಟಲೆ ಇದೇ ಮನುಷ್ಯನನ್ನು ಹೀರೋ ಮಾಡಲು ಹೋಗಿ ಜನರ ಬೈಗುಳ ತಿಂದಿದ್ದರು. ಖಳನಾಗಿ 1,316 ದಿನ ಚಾಂಪಿಯನ್ ಬೆಲ್ಟ್ ಅವನಲ್ಲೇ ಉಳಿಯಿತು. 2023ರ ಜನವರಿಯಲ್ಲಿ ತನ್ನ ಗುಂಪಿನಲ್ಲಿದ್ದ ಸಾಮಿ ಜೇನ್ ಕೈಗೆ ಕುರ್ಚಿ ಕೊಟ್ಟು ಗೆಳೆಯನಿಗೇ ಹೊಡಿ ಅಂದ ಆ ರಾತ್ರಿ, ಸಾಮಿಯ ಮುಖದಲ್ಲಿ ಆಗುವುದನ್ನೆಲ್ಲ ನೋಡಬೇಕು. ನಕ್ಷತ್ರ ಹಾಕುವವರಿಗೆ ಅಲ್ಲಿ ಏನೂ ಸಿಗುವುದಿಲ್ಲ, ಪಂದ್ಯ ಅಷ್ಟರಲ್ಲಿ ಮುಗಿದೇಹೋಗಿತ್ತು.

ಹಾಗಂತ ಮುಖ ಒಂದೇ ಸಾಲದು. 2025ರ ಮಾರ್ಚ್ 1ರಂದು ಟೊರಾಂಟೊದಲ್ಲಿ ಜಾನ್ ಸೀನಾ ಎರಡು ದಶಕದ ಒಳ್ಳೆತನ ಬಿಟ್ಟ. ಆಗಿನ ಚಾಂಪಿಯನ್ ಕೋಡಿ ರೋಡ್ಸ್‌ನನ್ನು ಅಪ್ಪಿಕೊಂಡಿದ್ದಾನೆ, ಭುಜದ ಮೇಲಿಂದ ರಾಕ್‌ನನ್ನು ನೋಡುತ್ತಾನೆ, ರಾಕ್ ಕತ್ತು ಕೊಯ್ಯುವ ಸನ್ನೆ ಮಾಡುತ್ತಾನೆ, ಸೀನಾ ಮುಖದಿಂದ ನಗು ಇಳಿದುಹೋಗುತ್ತದೆ. ಅಷ್ಟೊತ್ತಿಗೆ ಹಾಲಿವುಡ್‌ನಲ್ಲಿ ನಟ ಅಂತ ಹೆಸರು ಮಾಡಿದವನು, ಆ ನಾಲ್ಕು ಸೆಕೆಂಡು ಅದ್ಭುತ. ಆದರೆ ಅದು ಅವನ ನಿವೃತ್ತಿಯ ವರ್ಷ. ಜನ ಚಪ್ಪಾಳೆ ಹೊಡೆದು ಕಳಿಸಲು ಬಂದಿದ್ದರು, ಬೈಯಲು ಅವರಿಗೆ ಮನಸ್ಸೇ ಇರಲಿಲ್ಲ. ಅವನು ಎಷ್ಟು ಬೈದರೂ ಹೀಟ್ ಹುಟ್ಟಲಿಲ್ಲ, ಬೇಸಿಗೆ ಕಳೆಯುವುದರೊಳಗೆ ಮತ್ತೆ ಒಳ್ಳೆಯವನಾದ. ಟೊರಾಂಟೊದ ಆ ಮುಖಕ್ಕೆ ನಾನು ಹತ್ತಕ್ಕೆ ಹತ್ತು ಕೊಡುತ್ತೇನೆ. ನಂತರದ ತಿಂಗಳುಗಳಿಗೆ ನಾಲ್ಕು ಕೊಟ್ಟರೆ ಜಾಸ್ತಿ, ಅದರಲ್ಲೂ ಅರ್ಧ ತಪ್ಪು ಆ ಕತೆ ಬರೆದವರದ್ದು.