ನಾಲ್ಕನೇ ಶನಿವಾರ ಯಾವತ್ತು? ಟರ್ಮಿನಲ್‌ನಲ್ಲೇ ಕೇಳಿ

ಸರ್ವರ್ ನೋಡಿಕೊಳ್ಳುವವರ ಕೆಲಸದಲ್ಲಿ ತಾರೀಕಿನ ಪ್ರಶ್ನೆ ದಿನಾ ಬರುತ್ತದೆ. ಬ್ಯಾಂಕಿಗೆ ಫೈಲ್ ಯಾವತ್ತು ಹೋಗಬೇಕು? ತಿಂಗಳ ಕೊನೆಯ ಲೆಕ್ಕ ಶನಿವಾರ ಬಿತ್ತಾ? ಬರುವ ಸೋಮವಾರ ರಜೆಯಾ? ಹೊಸದಾಗಿ ಸೇರಿದ ಹುಡುಗರು ತಕ್ಷಣ ಮೊಬೈಲ್ ತೆಗೆಯುತ್ತಾರೆ. ಎದುರಿಗೆ ಕಮಾಂಡ್ ಟೈಪ್ ಮಾಡುವ ಟರ್ಮಿನಲ್‌ನ ಕಪ್ಪು ಪರದೆ ತೆರೆದೇ ಇರುತ್ತದೆ, ಅಲ್ಲೇ ಕೇಳಬಹುದು ಅಂತ ಹೊಳೆಯುವುದಿಲ್ಲ.

ಲಿನಕ್ಸ್‌ಗೆ ಮಾದರಿಯಾದ ಹಳೆಯ ಆಪರೇಟಿಂಗ್ ಸಿಸ್ಟಮ್ ಯುನಿಕ್ಸ್ ಹುಟ್ಟಿದ ಕಾಲದಿಂದಲೂ ಇರುವ ಕಮಾಂಡ್ 'ಕ್ಯಾಲ್'. ಅಷ್ಟೇ ಟೈಪ್ ಮಾಡಿದರೆ ಈ ತಿಂಗಳು ಬರುತ್ತದೆ. ಹೈಫನ್ 3 ಸೇರಿಸಿದರೆ ಹಿಂದಿನ ತಿಂಗಳು, ಈ ತಿಂಗಳು, ಮುಂದಿನ ತಿಂಗಳು ಪಕ್ಕಪಕ್ಕದಲ್ಲಿ ಬರುತ್ತವೆ. ನನಗೆ ಹೆಚ್ಚಾಗಿ ಬೇಕಾಗುವುದು ಇದೇ. ಒಂದು ಎಚ್ಚರಿಕೆ: 2026 ಬೇಕಿದ್ದರೆ ನಾಲ್ಕೂ ಅಂಕಿ ಹೊಡೆಯಿರಿ. ಸುಮ್ನೆ 26 ಅಂದರೆ ಅದು ಕ್ರಿಸ್ತಶಕ 26ನೇ ಇಸವಿಯನ್ನೇ ತೋರಿಸುತ್ತದೆ.

ಈ ಕ್ಯಾಲ್‌ಗೆ 9 1752 ಅಂತ ಕೊಟ್ಟು ನೋಡಿ. ಸೆಪ್ಟೆಂಬರ್ 2ರ ಮರುದಿನವೇ 14 ಬರುತ್ತದೆ. ಪ್ರೋಗ್ರಾಂ ಕೆಟ್ಟಿಲ್ಲ. ಬ್ರಿಟನ್ ಮತ್ತು ಅದರ ವಸಾಹತುಗಳು ಹಳೆಯ ಜೂಲಿಯನ್ ಲೆಕ್ಕ ಬಿಟ್ಟು ಗ್ರೆಗೋರಿಯನ್ ಲೆಕ್ಕಕ್ಕೆ ಬಂದದ್ದು ಆ ತಿಂಗಳು. 11 ದಿನ ಹಾರಿಸಿಬಿಟ್ಟರು. ಸ್ಪೇನ್, ಪೋರ್ಚುಗಲ್, ಇಟಲಿ ಇದನ್ನು 1582ರಲ್ಲೇ ಮಾಡಿದ್ದವು. ಅಂದರೆ ನಡುವಿನ ಕಾಲದಲ್ಲಿ ಇಂಗ್ಲಿಷರು ಮತ್ತು ಪೋರ್ಚುಗೀಸರು ಒಂದೇ ದಿನ ಬರೆದ ಪತ್ರಗಳಲ್ಲಿ ಬೇರೆ ಬೇರೆ ತಾರೀಕು ಇರುತ್ತದೆ. ಕ್ಯಾಲ್ ಯಾವುದೇ ಎಚ್ಚರಿಕೆ ಕೊಡದೆ ಬ್ರಿಟನ್ನಿನ ಲೆಕ್ಕ ಹಿಡಿದುಕೊಂಡು ಕೂತಿದೆ.

ಕ್ಯಾಲ್‌ಗೆ ರಜೆ ಗೊತ್ತಿಲ್ಲ. ಅದಕ್ಕೆ ಬೇಕಾದದ್ದು ಮುಕ್ತ ತಂತ್ರಾಂಶಗಳ ಗ್ನೂ ಯೋಜನೆಯ 'ಜಿಕ್ಯಾಲ್'. ಥಾಮಸ್ ಎಸ್ಕೆನ್ ಬರೆದದ್ದು, ಪೂರ್ತಿ ಉಚಿತ, ಮೂಲ ಕೋಡ್ ಕೂಡ ಮುಕ್ತ. ಡೆಬಿಯನ್, ಉಬುಂಟು ಲಿನಕ್ಸ್‌ಗಳಲ್ಲಿ ಇದೇ ಹೆಸರಿನ ಪ್ಯಾಕೇಜ್ ಸಿಗುತ್ತದೆ. ಮ್ಯಾಕ್‌ನವರಿಗೆ ಪ್ಯಾಕೇಜ್ ಹಾಕಿಕೊಡುವ ಹೋಮ್‌ಬ್ರೂನಲ್ಲಿದೆ. ಗೂಗಲ್ ಕ್ಯಾಲೆಂಡರ್‌ಗೂ ಜನ ಬಾಯಿಮಾತಿನಲ್ಲಿ ಜಿಕ್ಯಾಲ್ ಅನ್ನುತ್ತಾರೆ. ಇದು ಅದಲ್ಲ. ಇದಕ್ಕೆ ಇಂಟರ್ನೆಟ್ಟೂ ಬೇಡ, ಖಾತೆಯೂ ಬೇಡ. ಹೊರಗಿನ ಸಂಪರ್ಕವೇ ಇಲ್ಲದ ಸರ್ವರ್‌ನಲ್ಲೂ ಓಡುತ್ತದೆ. ನಾನು ಇದನ್ನು ಇಷ್ಟಪಡುವುದಕ್ಕೆ ಮುಖ್ಯ ಕಾರಣ ಅದೇ.

ಇದರ ಕೈಪಿಡಿ ಒಂದು ಪುಸ್ತಕದಷ್ಟಿದೆ. ವಾರದ ಸಂಖ್ಯೆ, ಚಂದ್ರನ ಕಲೆ, ಊರಿನ ಅಕ್ಷಾಂಶ ರೇಖಾಂಶ ಕೊಟ್ಟರೆ ಸೂರ್ಯೋದಯ, ಹೀಬ್ರೂ, ಚೀನೀ, ಇಸ್ಲಾಮಿಕ್ ಪಂಚಾಂಗಗಳು, ಎಲ್ಲ ಇವೆ. ಮೇಲೆ ಹೇಳಿದ ಗ್ರೆಗೋರಿಯನ್ ಬದಲಾವಣೆಯ ವರ್ಷವನ್ನೂ ನಾವೇ ಆರಿಸಬಹುದು. ಇದರಲ್ಲಿ ಮುಕ್ಕಾಲು ಪಾಲು ನಿಮಗೆ ಯಾವತ್ತೂ ಬೇಕಾಗುವುದಿಲ್ಲ, ಬಿಡಿ.

ಬೇಕಾಗುವುದು ರಜೆ ಪಟ್ಟಿ. ದೇಶದ ಎರಡಕ್ಷರದ ಕೋಡ್ ಕೊಟ್ಟರೆ ಆ ದೇಶದ ರಜೆಗಳು ಬರುತ್ತವೆ. ಜರ್ಮನಿ, ಅಮೆರಿಕಗಳಿಗೆ ರಾಜ್ಯದ ಕೋಡ್ ಕೂಡ ಇದೆ. ಆ ಕಡೆಯ ಗ್ರಾಹಕರ ಜೊತೆ ಕೆಲಸ ಮಾಡುವ ಬೆಂಗಳೂರಿನ ತಂಡಗಳಿಗೆ ಇದು ನಿಜಕ್ಕೂ ಉಪಯೋಗ. ಅಲ್ಲಿನ ಪಟ್ಟಿ ಚೊಕ್ಕವಾಗಿ ಬರುವುದಕ್ಕೆ ಕಾರಣವಿದೆ. ಅಲ್ಲಿ ಹೆಚ್ಚಿನ ರಜೆಗಳು ಲೆಕ್ಕಕ್ಕೆ ಸಿಗುತ್ತವೆ. ಅಮೆರಿಕದ ಥ್ಯಾಂಕ್ಸ್‌ಗಿವಿಂಗ್ ಅಂದರೆ ನವೆಂಬರ್‌ನ ನಾಲ್ಕನೇ ಗುರುವಾರ, ಮುಗಿಯಿತು. ಈಸ್ಟರ್ ಕೂಡ ಸೂತ್ರದಿಂದ ಬರುತ್ತದೆ. ಗುಡ್ ಫ್ರೈಡೇ ಅದಕ್ಕೆ ಎರಡು ದಿನ ಮುಂಚೆ.

ಇದೇ ಧೈರ್ಯದಲ್ಲಿ ಭಾರತದ ಕೋಡ್ ಕೊಟ್ಟು, ಬಂದ ಪಟ್ಟಿಯನ್ನು ನಂಬಿ ಕೆಲಸ ಶೆಡ್ಯೂಲ್ ಮಾಡಬೇಡಿ. ಜನವರಿ 26, ಆಗಸ್ಟ್ 15, ಅಕ್ಟೋಬರ್ 2, ನಮ್ಮ ನವೆಂಬರ್ 1, ಇವು ಎಲ್ಲೂ ಹೋಗುವುದಿಲ್ಲ. ಉಳಿದವು ಹಾಗಲ್ಲ. ಗಣೇಶನ ಹಬ್ಬವನ್ನೇ ತೆಗೆದುಕೊಳ್ಳಿ. 2022ರಲ್ಲಿ ಆಗಸ್ಟ್ 31ಕ್ಕೆ ಬಂತು. ಚಾಂದ್ರಮಾನದ ವರ್ಷ ಸುಮಾರು 11 ದಿನ ಚಿಕ್ಕದು, ಹಾಗಾಗಿ 2023ರಲ್ಲಿ ಇನ್ನೂ ಮುಂಚೆ ಬರಬೇಕಿತ್ತು. ಆದರೆ ಆ ವರ್ಷ ಅಧಿಕ ಶ್ರಾವಣ ಇತ್ತು, ಹಬ್ಬ ಸೆಪ್ಟೆಂಬರ್‌ಗೆ ಹೋಯಿತು. ಸೆಪ್ಟೆಂಬರ್ ಎಷ್ಟಕ್ಕೆ? ಬೆಂಗಳೂರಿನ ಬ್ಯಾಂಕ್‌ಗಳಿಗೆ 18ಕ್ಕೆ ರಜೆ, ಮುಂಬೈಗೆ 19ಕ್ಕೆ. ಒಂದೇ ದೇಶ, ಒಂದೇ ಹಬ್ಬ, ಎರಡು ದಿನ. ದೇಶದ ಕೋಡ್ ಇಲ್ಲಿ ಏನು ಮಾಡೀತು?

ರಾಜ್ಯದ ಮಟ್ಟಕ್ಕೆ ಇಳಿದರೂ ಸಾಲದು. ಕೈಲ್ ಮುಹೂರ್ತ, ತುಲಾ ಸಂಕ್ರಮಣ, ಹುತ್ತರಿಗೆ ಕೊಡಗು ಜಿಲ್ಲೆಯಲ್ಲಿ ಮಾತ್ರ ರಜೆ. ಇನ್ನು ರಂಜಾನ್, ಬಕ್ರೀದ್. ಜಿಕ್ಯಾಲ್ ಇಲ್ಲಿ ಬಳಸುವುದು 30, 29, 30, 29 ಅಂತ ಸಾಗುವ ಗಣಿತದ ತಿಂಗಳುಗಳನ್ನು. ಹಬ್ಬ ನಡೆಯುವುದು ಚಂದ್ರ ಕಂಡ ಮೇಲೆ. ಒಂದು ದಿನದ ವ್ಯತ್ಯಾಸ ಸಾಮಾನ್ಯ.

ಪ್ರೋಗ್ರಾಂ ಬರೆದವರ ತಪ್ಪಲ್ಲ ಇದು. ನಮ್ಮಲ್ಲಿ ರಜೆ ಅನ್ನುವುದು ಸರ್ಕಾರದ ಆದೇಶ. ಆದೇಶವನ್ನು ಯಾವ ಸೂತ್ರವೂ ಮೊದಲೇ ಲೆಕ್ಕ ಹಾಕಲಾರದು. ಬ್ಯಾಂಕ್ ರಜೆಗಳ ಹಿಂದೆ ಇರುವುದು 1881ರ ನೆಗೋಷಿಯೆಬಲ್ ಇನ್‌ಸ್ಟ್ರುಮೆಂಟ್ಸ್ ಆಕ್ಟ್. ಅದರ 25ನೇ ಸೆಕ್ಷನ್ ಅಡಿ ಹೊರಡುವ ಅಧಿಸೂಚನೆಯೇ ಕೊನೆಯ ಮಾತು.

ಹಾಗಾದರೆ ಜಿಕ್ಯಾಲ್ ಯಾಕೆ ಬೇಕು? ಅದಕ್ಕೆ ನಮ್ಮದೇ ಪಟ್ಟಿ ಕೊಡಬಹುದು, ಅದಕ್ಕೆ. ಹೋಮ್ ಫೋಲ್ಡರ್‌ನಲ್ಲಿ ಚುಕ್ಕಿಯಿಂದ ಶುರುವಾಗುವ 'ಜಿಕ್ಯಾಲ್‌ಆರ್‌ಸಿ' ಅನ್ನುವ ಸಾದಾ ಟೆಕ್ಸ್ಟ್ ಫೈಲ್ ಇಡಿ. ಒಂದು ಸಾಲಿಗೆ ಒಂದು ರಜೆ. ಮೊದಲು ಎಂಟು ಅಂಕಿ: ವರ್ಷ, ತಿಂಗಳು, ದಿನ. ಆಮೇಲೆ ಒಂದು ಸ್ಪೇಸ್, ಆಮೇಲೆ ಹೆಸರು. 20260319 ಅಂದರೆ 2026ರ ಯುಗಾದಿ. 20260914 ಅಂದರೆ ಆ ವರ್ಷದ ಗಣೇಶ ಚತುರ್ಥಿ. ವರ್ಷದ ಜಾಗದಲ್ಲಿ ನಾಲ್ಕು ಸೊನ್ನೆ ಹಾಕಿದರೆ ಪ್ರತಿ ವರ್ಷ ಅಂತ ಅರ್ಥ. 00001101 ಅಂತ ಒಮ್ಮೆ ಬರೆದರೆ ರಾಜ್ಯೋತ್ಸವದ ಸಾಲನ್ನು ಮತ್ತೆ ಮುಟ್ಟಬೇಕಿಲ್ಲ.

ಶನಿವಾರಗಳ ವಿಷಯದಲ್ಲಿ ಇದು ನಿಜವಾಗಿ ಕೆಲಸಕ್ಕೆ ಬರುತ್ತದೆ. 2015ರ ಸೆಪ್ಟೆಂಬರ್ 1ರಿಂದ ಬ್ಯಾಂಕ್‌ಗಳಿಗೆ ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ, ಉಳಿದ ಶನಿವಾರ ಪೂರ್ತಿ ದಿನ ಕೆಲಸ. ಇದು ಲೆಕ್ಕಕ್ಕೆ ಸಿಗುವ ರಜೆ. ಆರು ಸೊನ್ನೆ ಹಾಕಿ (ಪ್ರತಿ ವರ್ಷ, ಪ್ರತಿ ತಿಂಗಳು), ಇಂಗ್ಲಿಷಿನಲ್ಲಿ ಶನಿವಾರದ ಮೊದಲ ಮೂರಕ್ಷರ ಹಾಕಿ, ಕೊನೆಗೆ 2 ಬರೆಯಿರಿ. ಇನ್ನೊಂದು ಸಾಲಿನಲ್ಲಿ 4. ಎರಡೇ ಸಾಲು. 9 ಬರೆದರೆ ತಿಂಗಳ ಕೊನೆಯ ಶನಿವಾರ. ನಾಲ್ಕನೆಯದೂ ಕೊನೆಯದೂ ಒಂದೇ ಅಂದುಕೊಳ್ಳಬೇಡಿ. 2026ರ ಜನವರಿಯಲ್ಲಿ ಐದು ಶನಿವಾರ. ನಾಲ್ಕನೆಯದು 24ಕ್ಕೆ, ಕೊನೆಯದು 31ಕ್ಕೆ.

ಈ ಶನಿವಾರವನ್ನು, ಹೇಳಿದ ಸಮಯಕ್ಕೆ ಕಮಾಂಡ್ ಓಡಿಸುವ ಕ್ರಾನ್‌ನಲ್ಲಿ ಹಿಡಿಯಲು ಹೋಗಿ ಎಡವಿದವರನ್ನು ತುಂಬಾ ನೋಡಿದ್ದೇನೆ. ಎರಡನೇ ಶನಿವಾರ ಯಾವಾಗಲೂ 8ರಿಂದ 14ರ ಒಳಗೇ ಬೀಳುತ್ತದೆ, ನಾಲ್ಕನೆಯದು 22ರಿಂದ 28ರ ಒಳಗೆ. ಇದು ಸರಿ. ಆದ್ದರಿಂದ ದಿನದ ಕಾಲಂನಲ್ಲಿ 8-14, ವಾರದ ಕಾಲಂನಲ್ಲಿ ಶನಿವಾರಕ್ಕೆ 6 ಅಂತ ಬರೆಯುತ್ತಾರೆ. ಓದಲು ಸರಿಯಾಗೇ ಕಾಣುತ್ತದೆ, ಅಲ್ವಾ? ಆದರೆ ಎರಡೂ ಕಾಲಂ ತುಂಬಿದ್ದರೆ ಕ್ರಾನ್ 'ಎರಡೂ ಹೊಂದಬೇಕು' ಅಂತ ನೋಡುವುದಿಲ್ಲ. ಯಾವುದಾದರೂ ಒಂದು ಹೊಂದಿದರೆ ಸಾಕು, ಓಡಿಸುತ್ತದೆ. 2026ರ ಆಗಸ್ಟ್‌ನಲ್ಲಿ ಹೀಗೆ ಬರೆದರೆ 8ರಿಂದ 14ರವರೆಗೆ ಏಳು ದಿನ, ಜೊತೆಗೆ 1, 15, 22, 29. ಒಂದು ದಿನ ಓಡಬೇಕಾದ ಕೆಲಸ 11 ದಿನ ಓಡುತ್ತದೆ. ಬ್ಯಾಕಪ್ ಆದರೆ ಡಿಸ್ಕ್ ತುಂಬುತ್ತದೆ, ಅಷ್ಟೇ. ಗ್ರಾಹಕರಿಗೆ ಎಸ್‌ಎಂಎಸ್ ಕಳಿಸುವ ಕೆಲಸ ಆದರೆ ಫೋನ್ ಹೊಡೆದುಕೊಳ್ಳಲು ಶುರುವಾಗುತ್ತದೆ.

ದಾರಿ ಸುಲಭ. ಕ್ರಾನ್‌ಗೆ 8-14 ಮಾತ್ರ ಹೇಳಿ, ವಾರದ ಕಾಲಂನಲ್ಲಿ ನಕ್ಷತ್ರವೇ (ಯಾವ ವಾರವಾದರೂ ಸರಿ ಅಂತ) ಇರಲಿ. ಇವತ್ತು ಶನಿವಾರವಾ ಅಂತ ಕಮಾಂಡಿನ ಒಳಗೆ, ತಾರೀಕು ಹೇಳುವ 'ಡೇಟ್' ಮೂಲಕ ಪರೀಕ್ಷಿಸಿ. ಅದರಲ್ಲಿ ಬರುವ ಶೇಕಡಾ ಚಿಹ್ನೆಯ ಹಿಂದೆ ಬ್ಯಾಕ್‌ಸ್ಲ್ಯಾಶ್ ಹಾಕುವುದನ್ನು ಮರೆಯಬೇಡಿ. ಕ್ರಾನ್ ಫೈಲ್‌ನಲ್ಲಿ ಬರಿಯ ಶೇಕಡಾ ಚಿಹ್ನೆ ಅಂದರೆ ಹೊಸ ಸಾಲು ಅಂತ. ಕಮಾಂಡ್ ಅಲ್ಲಿಗೇ ತುಂಡಾಗುತ್ತದೆ, ಹುಡುಕುತ್ತಾ ಕೂತವರಿಗೆ ಅರ್ಧ ದಿನ ಹೋಗುತ್ತದೆ.

ಜಿಕ್ಯಾಲ್‌ನ ಅಂಕಿಗಳ ಸಾಲು ಕಣ್ಣಿಗೆ ಹಿಡಿಸದಿದ್ದರೆ ಡಯಾನ್ ಸ್ಕೋಲ್ ಬರೆದ, ತಾರೀಕು ನೆನಪಿಸುವ ಪ್ರೋಗ್ರಾಂ 'ರಿಮೈಂಡ್' ನೋಡಿ. ಅಲ್ಲಿ ಶನಿವಾರದ ಹೆಸರು ಬರೆದು ಮುಂದೆ 8 ಅಂದರೆ 'ಪ್ರತಿ ತಿಂಗಳು 8ಕ್ಕೆ ಅಥವಾ ಅದರ ನಂತರ ಬರುವ ಮೊದಲ ಶನಿವಾರ'. ಅಂದರೆ ಎರಡನೇ ಶನಿವಾರ. 22 ಅಂದರೆ ನಾಲ್ಕನೆಯದು. ಓದಲು ಇದೇ ಚೆಂದ. ನೆನಪಿನ ಪಟ್ಟಿಗೆ ನಾನು ರಿಮೈಂಡ್‌ಗೇ ಓಟು ಹಾಕುತ್ತೇನೆ. ವರ್ಷದ ಹಾಳೆಯನ್ನು ರಜೆ ಸಮೇತ ನೋಡಬೇಕಿದ್ದರೆ ಮಾತ್ರ ಜಿಕ್ಯಾಲ್.

ಕನ್ನಡದಲ್ಲಿ ಬರುತ್ತದಾ ಅಂತ ಕೇಳುವವರಿದ್ದಾರೆ. ಕನ್ನಡ ಲೊಕೇಲ್ (ಭಾಷೆಯ ಸೆಟ್ಟಿಂಗ್) ಹಾಕಿಕೊಂಡಿದ್ದರೆ ಲಿನಕ್ಸ್‌ನ ಕ್ಯಾಲ್ ತಿಂಗಳ, ವಾರದ ಹೆಸರನ್ನು ಕನ್ನಡದಲ್ಲೇ ತೋರಿಸುತ್ತದೆ. ಆದರೆ ಒತ್ತಕ್ಷರ, ಗುಣಿತಗಳ ಅಗಲವನ್ನು ಹೆಚ್ಚಿನ ಟರ್ಮಿನಲ್‌ಗಳು ಸರಿಯಾಗಿ ಅಳೆಯುವುದಿಲ್ಲ. ವಾರದ ಸಾಲು ಓರೆಯಾಗಿ, ಶುಕ್ರವಾರದ ಕೆಳಗೆ ಶನಿವಾರದ ಅಂಕಿ ಬಂದು ಕೂರಬಹುದು. ತಾರೀಕು ಮುಖ್ಯವಾದ ಕಡೆ ಇಂಗ್ಲಿಷಿನಲ್ಲೇ ಇಟ್ಟುಕೊಳ್ಳುವುದು ವಾಸಿ.

ಇನ್ನು ಅಧಿಸೂಚನೆ ನೋಡಿ ಫೈಲ್ ತುಂಬುವಾಗ ಒಂದೆರಡು ವಿಷಯ. ಕರ್ನಾಟಕ ಸರ್ಕಾರದ ಪಟ್ಟಿಯಲ್ಲಿ ಭಾನುವಾರ, ಎರಡನೇ ಮತ್ತು ನಾಲ್ಕನೇ ಶನಿವಾರ ಬೀಳುವ ಹಬ್ಬಗಳನ್ನು ಸೇರಿಸುವುದಿಲ್ಲ. 2026ರ ನವೆಂಬರ್ 1 ಭಾನುವಾರ. ಪಟ್ಟಿಯಲ್ಲಿ ಕಾಣಲಿಲ್ಲ ಅಂತ ಸೊನ್ನೆ ಹಾಕಿ ಬರೆದ ಸಾಲನ್ನು ಅಳಿಸಬೇಡಿ, 2027ಕ್ಕೆ ಬೇಕು. ಮುಸ್ಲಿಂ ಹಬ್ಬಗಳ ದಿನ ಬದಲಾಗಬಹುದು ಅಂತ ಅಧಿಸೂಚನೆಯ ಟಿಪ್ಪಣಿಯಲ್ಲೇ ಸೂಚನೆ ಇರುತ್ತದೆ. ಆ ಸಾಲುಗಳ ಕೊನೆಗೆ 'ಖಚಿತವಿಲ್ಲ' ಅಂತ ಸೇರಿಸಿಡಿ. ಬ್ಯಾಂಕ್ ಕೆಲಸ ಇರುವವರು ರಿಸರ್ವ್ ಬ್ಯಾಂಕ್‌ನ ಬೆಂಗಳೂರು ಪಟ್ಟಿಯ ಜೊತೆಗೂ ತಾಳೆ ನೋಡಿ. ಫೈಲನ್ನು, ತಿದ್ದಿದ್ದರ ದಾಖಲೆ ಇಡುವ ಗಿಟ್‌ನಲ್ಲಿಟ್ಟು ಎಲ್ಲ ಸರ್ವರ್‌ಗಳೂ ಅಲ್ಲಿಂದಲೇ ಎಳೆದುಕೊಳ್ಳುವ ಹಾಗೆ ಮಾಡಿ. ಬಕ್ರೀದ್ ಒಂದು ದಿನ ಆಚೀಚೆ ಆದರೆ ಒಂದೇ ಸಾಲು ತಿದ್ದಿದರೆ ಆಯಿತು.